ನಾಯಕನ ಮುಖ

ಸಂಜೆ ಏಳರಿಂದ ಹತ್ತರವರೆಗೆ ನಮ್ಮ ಕನ್ನಡ ವಾಹಿನಿಗಳಲ್ಲಿ ಯಾವುದನ್ನು ತಿರುಗಿಸಿದರೂ ಕಣ್ಣಿಗೆ ಬೀಳುವ ಕಥಾನಾಯಕರು ಬಹುಮಟ್ಟಿಗೆ ಒಬ್ಬರನ್ನೊಬ್ಬರು ಹೋಲುತ್ತಾರೆ. ಎತ್ತರದ ನಿಲುವು, ವ್ಯಾಯಾಮದಿಂದ ಹುರಿಗೊಂಡ ತೋಳು, ಅಳತೆಗೆ ಕತ್ತರಿಸಿದ ಗಡ್ಡ, ಗೌರವರ್ಣ, ಹಣೆಯ ಮೇಲೆ ಗೆರೆಯೊಂದೂ ಮೂಡದ ವಯಸ್ಸು, ಇಷ್ಟನ್ನು ಪಡೆದವನು ಕೋಟ್ಯಧೀಶನ ಮಗನೂ ಆಗಬಲ್ಲನು, ಹಳ್ಳಿಯ ಪಟೇಲನೂ ಆಗಬಲ್ಲನು, ವೈದ್ಯನೋ ಪೊಲೀಸ್ ಅಧಿಕಾರಿಯೋ ಆಗಬಲ್ಲನು. ಇಷ್ಟು ಇಲ್ಲದವನು, ಅವನ ಅಭಿನಯಶಕ್ತಿ ಎಷ್ಟೇ ಪ್ರೌಢವಾಗಿರಲಿ, ನಾಯಕನ ಅಣ್ಣನಾಗಿ, ಸೋದರಮಾವನಾಗಿ, ಮನೆಯ ಅಡುಗೆಯವನಾಗಿ, ಕಥೆಯ ಅಂಚಿನಲ್ಲಿಯೇ ನಿಲ್ಲಬೇಕು. ನಾಯಕನ ಮೊದಲ ಪ್ರವೇಶವನ್ನು ಆ ಕ್ಷೇತ್ರದವರು 'ಎಂಟ್ರಿ' ಎನ್ನುತ್ತಾರೆ. ಕಾರಿನ ಬಾಗಿಲು ತೆರೆಯುತ್ತದೆ. ಮೊದಲು ಬೂಟು, ಬಳಿಕ ಕೈಗಡಿಯಾರ, ಬಳಿಕ ತಂಪು ಕನ್ನಡಕ, ಕಟ್ಟಕಡೆಗೆ ಮುಖ. ಆ ಮುಖವು ಇನ್ನೂ ಒಂದು ಮಾತನ್ನೂ ಆಡದೆ, ಒಂದು ಕಾರ್ಯವನ್ನೂ ಮಾಡದೆ ಇರುವಾಗಲೇ, ಇವನೇ ನೀವು ಪ್ರೀತಿಸತಕ್ಕವನು ಎಂಬ ಆಜ್ಞೆಯು ಹಿನ್ನೆಲೆಯ ವಾದ್ಯಘೋಷದೊಡನೆ ನಮ್ಮ ಮೇಲೆ ಹೊರಿಸಲ್ಪಡುತ್ತದೆ.

ಕಿರುತೆರೆಯ ನಾಯಕನು ಸುರೂಪಿಯಾಗಿಯೇ ಇರಬೇಕೆ ಎಂಬ ಪ್ರಶ್ನೆಯು ಕೆಲವರಿಗೆ ಹಗುರವಾದ ವಿಷಯವೆಂದು ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಒಂದು ನಾಡಿನ ಅಸಂಖ್ಯ ಮನೆಗಳಲ್ಲಿ ಜನರು ಪ್ರತಿದಿನವೂ ಯಾವನೊಬ್ಬನ ಸುಖದುಃಖಗಳನ್ನು ತಮ್ಮವೆಂಬಂತೆ ಅನುಭವಿಸುತ್ತಾರೋ ಅವನು ಎಂತಹವನಾಗಿರಬೇಕೆಂದು ನಿಶ್ಚಯಿಸುವಾಗ, ಯಾರ ಬಾಳು ಕಥೆಯಾಗಲು ಯೋಗ್ಯ, ಯಾರದು ಅಲ್ಲ ಎಂಬ ತೀರ್ಪೊಂದು ಸದ್ದಿಲ್ಲದೆ ಅದರೊಳಗೆ ಸೇರಿಹೋಗುತ್ತದೆ. ಆ ತೀರ್ಪು ಈಗ ತಪ್ಪಾಗಿ ಬರುತ್ತಿದೆ ಎಂಬುದು ನನ್ನ ದೃಢವಾದ ನಂಬಿಕೆ.

ಅಮೆರಿಕದ ಒಂದು ಪ್ರಸಂಗವು ಈ ವಿಷಯದ ಬೇರನ್ನೇ ಮುಟ್ಟುತ್ತದೆ. 1952ರಲ್ಲಿ ಅಲ್ಲಿಯ ಸಿಬಿಎಸ್ ರೇಡಿಯೋದಲ್ಲಿ 'ಗನ್‌ಸ್ಮೋಕ್' ಎಂಬ ನಾಟಕಮಾಲಿಕೆಯು ಮೊದಲಾಯಿತು. ಪಶ್ಚಿಮದ ಬಯಲುಸೀಮೆಯಲ್ಲಿ ಡಾಜ್ ಸಿಟಿ ಎಂಬ ಊರು, ಅಲ್ಲಿ ಕಾಯಿದೆಯನ್ನು ಎತ್ತಿಹಿಡಿಯುವ ಮಾರ್ಷಲ್ ಮ್ಯಾಟ್ ಡಿಲನ್ ಎಂಬ ಒಂಟಿ ಮನುಷ್ಯ. ಆ ಪಾತ್ರಕ್ಕೆ ಕಂಠವನ್ನು ಕೊಟ್ಟವನು ವಿಲಿಯಂ ಕಾನ್ರಾಡ್. ದಣಿವನ್ನೂ ದೃಢತೆಯನ್ನೂ ಒಂದೇ ಉಸಿರಿನಲ್ಲಿ ಧರಿಸಬಲ್ಲ, ಆಳವಾದ, ಗಂಭೀರವಾದ ಕಂಠವದು. ಶ್ರೋತೃಗಳ ಮನಸ್ಸಿನಲ್ಲಿ ಡಿಲನ್ ಎಂಬ ವ್ಯಕ್ತಿಯು ರೂಪುಗೊಂಡದ್ದು ಆ ಕಂಠದಿಂದಲೇ. ಆದರೆ 1955ರಲ್ಲಿ ಅದೇ ಕಥೆಯನ್ನು ಟೆಲಿವಿಷನ್ನಿಗೆ ತಂದಾಗ, ಸ್ಥೂಲಕಾಯನಾದ ಕಾನ್ರಾಡನಿಗೆ ಆ ಪಾತ್ರವು ದೊರೆಯಲಿಲ್ಲ. ಆರೂವರೆ ಅಡಿಯನ್ನು ಮೀರಿದ ನಿಲುವಿನ ಜೇಮ್ಸ್ ಆರ್ನೆಸ್ ಎಂಬವನು ಮಾರ್ಷಲ್ಲನ ಬಿಲ್ಲೆಯನ್ನು ಧರಿಸಿದನು. ರೇಡಿಯೋದ ಮಾಲಿಕೆಯು 1961ರವರೆಗೂ ನಡೆಯಿತಾದುದರಿಂದ, ಆರು ವರ್ಷಗಳ ಕಾಲ ಒಬ್ಬನೇ ಡಿಲನ್ನನು ಕಿವಿಗೆ ಒಬ್ಬನಾಗಿಯೂ ಕಣ್ಣಿಗೆ ಮತ್ತೊಬ್ಬನಾಗಿಯೂ ಬದುಕಿದನು. ಆರ್ನೆಸನು ಇಪ್ಪತ್ತು ವರ್ಷ, 1975ರವರೆಗೆ, ಆ ಪಾತ್ರವನ್ನು ಯೋಗ್ಯವಾಗಿಯೇ ನಿರ್ವಹಿಸಿದನು; ಅವನನ್ನು ದೂಷಿಸಲು ಕಾರಣವಿಲ್ಲ. ಆದರೆ ಆ ಪಾತ್ರವನ್ನು ಹುಟ್ಟಿಸಿದವನನ್ನು ಅವನ ಉದರದ ಸುತ್ತಳತೆಯ ನಿಮಿತ್ತ ಹೊರಗೆ ನಿಲ್ಲಿಸಿದ್ದು ಅನ್ಯಾಯವೆಂದು ಹೇಳದೆ ಇರಲಾರೆನು. ಕಾನ್ರಾಡನ ಬಾಳಿನಲ್ಲಿ ಈ ಅನ್ಯಾಯಕ್ಕೆ ಉತ್ತರವೂ ದೊರೆಯಿತು. 1971ರಲ್ಲಿ 'ಕ್ಯಾನನ್' ಎಂಬ ಪತ್ತೇದಾರಿ ಮಾಲಿಕೆಯಲ್ಲಿ, ಅದೇ ಸ್ಥೂಲದೇಹವನ್ನು ಮರೆಮಾಚದೆ, ಅವನು ನಾಯಕನಾಗಿ ನಿಂತನು. ಜನರು ಐದು ವರ್ಷ ಅವನನ್ನು ನೋಡಿದರು.

ಈ ವೃತ್ತಾಂತವನ್ನು ಓದಿದಂದು ಜನ್ನನ ಯಶೋಧರಚರಿತೆಯ ಅಮೃತಮತಿಯು ನನಗೆ ನೆನಪಾದಳು. ಅರಮನೆಯ ಶಯ್ಯೆಯಲ್ಲಿ ಸುಂದರನಾದ ಅರಸನ ಪಕ್ಕದಲ್ಲಿದ್ದ ಆಕೆಗೆ ಗಜಶಾಲೆಯ ಕಡೆಯಿಂದ ಮಾವುತನೊಬ್ಬನ ಹಾಡು ಕೇಳಿಬರುತ್ತದೆ. ಮುಖವನ್ನು ಕಾಣುವ ಮೊದಲೇ ಮನಸ್ಸು ಆ ಕಂಠಕ್ಕೆ ಸೋತುಹೋಗುತ್ತದೆ. ನೋಡಿಬರಲು ಹೋದ ಕೆಳದಿಯು ಹಿಂದಿರುಗಿ ಅವನ ವಿಕಾರವನ್ನು ಅಂಗಾಂಗವಾಗಿ ಬಣ್ಣಿಸಿದರೂ ಅರಸಿಯ ಮನಸ್ಸು ತಿರುಗುವುದಿಲ್ಲ. ಜನ್ನನು ಈ ಸಂದರ್ಭವನ್ನು ತಂದದ್ದು ಮನಸಿಜನ ಮಾಯೆ ಎಷ್ಟು ವಿಪರೀತವೆಂಬುದನ್ನು ತೋರಿಸಲು, ಧರ್ಮದ ದೃಷ್ಟಿಯಿಂದ ಖಂಡಿಸಲು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹದಿಮೂರನೆಯ ಶತಮಾನದ ಆ ಕವಿಗೆ ಮನುಷ್ಯಸ್ವಭಾವದ ಒಂದು ರಹಸ್ಯವು ಚೆನ್ನಾಗಿ ತಿಳಿದಿತ್ತು: ಹೃದಯವು ಯಾವಾಗಲೂ ಕಣ್ಣಿನ ಅಪ್ಪಣೆಯನ್ನು ಕಾಯುತ್ತ ಕುಳಿತಿರುವುದಿಲ್ಲ. ವಾಹಿನಿಯ ಕಛೇರಿಯಲ್ಲಿ ಭಾವಚಿತ್ರಗಳನ್ನು ಹರಡಿಕೊಂಡು ನಾಯಕನನ್ನು ಆರಿಸುವವರಿಗೆ ಈ ರಹಸ್ಯವು ತಿಳಿದಂತಿಲ್ಲ.

ಸಿನಿಮಾದ ನ್ಯಾಯವೇ ಬೇರೆ ಎಂದು ಹೇಳುವವರುಂಟು, ಮತ್ತು ಆ ಮಾತಿನಲ್ಲಿ ಸತ್ಯವಿದೆ. ಚಿತ್ರಮಂದಿರಕ್ಕೆ ನಾವು ಹೋಗುತ್ತೇವೆ. ಕತ್ತಲೆಯಲ್ಲಿ ಕುಳಿತು ತಲೆಯೆತ್ತಿ ನೋಡುತ್ತೇವೆ. ಅಲ್ಲಿ ಮುಖವು ಗೋಡೆಯಷ್ಟು ದೊಡ್ಡದಾಗಿ, ನಮ್ಮ ಬಾಳಿಗಿಂತ ಎತ್ತರದ ಯಾವುದೋ ಲೋಕದಿಂದ ಇಳಿದುಬಂದಂತೆ ತೋರುತ್ತದೆ. ಕಿರುತೆರೆಯಾದರೋ ನಮ್ಮ ನಡುಮನೆಗೆ ಬರುವಂಥದು. ಅವರೆಕಾಯಿ ಬಿಡಿಸುತ್ತ, ಮಕ್ಕಳ ಮನೆಪಾಠವನ್ನು ವಿಚಾರಿಸುತ್ತ, ಒಲೆಯ ಮೇಲಿನ ಹಾಲಿನ ಮೇಲೂ ಒಂದು ಕಣ್ಣಿಟ್ಟು ನಾವು ಅದನ್ನು ನೋಡುತ್ತೇವೆ. ವಾರಕ್ಕೆ ಐದಾರು ದಿನ, ವರ್ಷಗಟ್ಟಲೆ, ಒಂದೇ ಹೊತ್ತಿಗೆ ಬಂದು ಹೋಗುವ ಆ ಮನುಷ್ಯನು ಅಲ್ಪಕಾಲದಲ್ಲಿಯೇ ಮನೆಯವನಾಗುತ್ತಾನೆ. ಮನೆಯವರಾದವರ ರೂಪವನ್ನು ನಾವು ತೂಗಿನೋಡುವುದಿಲ್ಲ. ಅಪ್ಪನ ಮೂಗು ಉದ್ದವೋ ಮೊಂಡೋ ಎಂದು ಯಾರನ್ನಾದರೂ ಹಠಾತ್ತನೆ ಕೇಳಿದರೆ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಆದರೆ ಅಪ್ಪನಿಗೆ ಚಿಂತೆಯಾದಾಗ ಆ ಮುಖವು ಹೇಗಾಗುತ್ತಿತ್ತೆಂಬುದನ್ನು ಯೋಚಿಸದೆಯೇ ಹೇಳಬಲ್ಲೆವು. ಕಿರುತೆರೆಗೆ ಬೇಕಾದ ಮುಖವು ಇಂಥದು: ಬಹುಕಾಲ ತುಳಿದ ಹೊಸ್ತಿಲಿನಂತೆ ಬಾಳಿನ ಸವೆತವನ್ನು ಹೊತ್ತದ್ದು, ಚಿಂತೆಯೂ ನಗೆಯೂ ಬಂದುಹೋದ ದಾರಿಗಳು ಕಾಣುವಂಥದು. ಸವೆತವೇ ಇಲ್ಲದ ಮುಖದಲ್ಲಿ ಚಿಂತೆಯನ್ನು ನಟಿಸಬಹುದು, ಆದರೆ ಅದು ಆ ದಿನದ ಚಿತ್ರೀಕರಣಕ್ಕೆಂದು ಹಚ್ಚಿಕೊಂಡ ಬಣ್ಣದಂತೆ ಮೇಲೆಯೇ ಉಳಿದುಬಿಡುತ್ತದೆ.

ಸುರೂಪವಿಲ್ಲದಿದ್ದರೂ ನಡೆದೀತು ಎಂಬಷ್ಟು ಮಾತ್ರ ಹೇಳಿದರೆ ಸಾಲದು. ಕೆಲವು ಕಥೆಗಳಿಗೆ ಸುರೂಪವು ಇದ್ದರೆ ಕೇಡು ಎಂದೂ ಹೇಳಬೇಕು. ಇದಕ್ಕೆ 'ಕೊಲಂಬೊ'ಗಿಂತ ಉತ್ತಮವಾದ ನಿದರ್ಶನವು ನನಗೆ ತಿಳಿಯದು. ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಎಂಬ ಇಬ್ಬರು ಸೇರಿ ಸೃಷ್ಟಿಸಿದ ಈ ಲಾಸ್ ಏಂಜಲೀಸ್ ಪೊಲೀಸ್ ಅಧಿಕಾರಿಯ ಪಾತ್ರಕ್ಕೆ ಮೊದಲು ಸುಪ್ರಸಿದ್ಧ ಗಾಯಕ ಬಿಂಗ್ ಕ್ರಾಸ್ಬಿಯನ್ನು ಕೇಳಿದ್ದರು, ಆತನು ಒಪ್ಪಲಿಲ್ಲ. ಬಂದವನು ಪೀಟರ್ ಫಾಕ್. ಮೂರನೆಯ ವಯಸ್ಸಿನಲ್ಲಿ ಅರ್ಬುದರೋಗದ ನಿಮಿತ್ತ ಬಲಗಣ್ಣನ್ನು ಕಳೆದುಕೊಂಡು ಗಾಜಿನ ಕಣ್ಣನ್ನು ಧರಿಸಿದವನು, ಎತ್ತರದವನಲ್ಲ, ಮೊದಲು ಕನೆಕ್ಟಿಕಟ್ ಸಂಸ್ಥಾನದ ಸರ್ಕಾರದ ಆಯವ್ಯಯ ಕಛೇರಿಯಲ್ಲಿ ಉದ್ಯೋಗದಲ್ಲಿದ್ದು ತಡವಾಗಿ ನಟನೆಗೆ ಬಂದವನು. 1968ರ ಒಂದು ಚಿತ್ರದಿಂದ ಆರಂಭವಾಗಿ 1971ರಿಂದ ಮಾಲಿಕೆಯಾಗಿ ಬೆಳೆದ ಈ ಕಥೆಗಳಲ್ಲಿ ಅವನು ಹಾಕಿಕೊಂಡ ಸುಕ್ಕುಗಟ್ಟಿದ ಮಳೆಯಂಗಿಯು ಅವನ ಸ್ವಂತದ್ದು.

ಆ ಕಥೆಗಳ ರಚನೆಯನ್ನು ಸ್ವಲ್ಪ ಗಮನಿಸಬೇಕು. ಕೊಲೆ ಮಾಡಿದವನು ಯಾರೆಂಬುದು ಅಲ್ಲಿ ಗುಟ್ಟಲ್ಲ. ಕಥೆಯ ಪ್ರಾರಂಭದಲ್ಲಿಯೇ ನಮ್ಮ ಕಣ್ಣೆದುರಿಗೆ ಕೊಲೆಯು ನಡೆಯುತ್ತದೆ. ಕೊಲೆಗಾರರು ಬಹುಮಟ್ಟಿಗೆ ಎಲ್ಲರೂ ಶ್ರೀಮಂತರು, ವಿದ್ಯಾವಂತರು, ರೂಪವಂತರು: ವಾದ್ಯಮೇಳದ ನಿರ್ದೇಶಕ, ಶಸ್ತ್ರವೈದ್ಯ, ಚದುರಂಗದ ಪ್ರವೀಣ, ಕಲಾವಿಮರ್ಶಕ, ದ್ರಾಕ್ಷಾರಸದ ತೋಟದ ಒಡೆಯ. ಅವರ ಸೌಧದ ಹೊಳೆಯುವ ನೆಲದ ಮೇಲೆ ಈ ಕುಳ್ಳ ಮನುಷ್ಯನು ತನ್ನ ಮಳೆಯಂಗಿಯಲ್ಲಿ, ಕೈಯಲ್ಲಿ ಚುಟ್ಟಾ ಹಿಡಿದು, ತಲೆ ಕೆರೆದುಕೊಳ್ಳುತ್ತ, ಒಂದು ಕಣ್ಣನ್ನು ಕಿರಿದುಮಾಡಿ ನಿಂತೊಡನೆ, ಅವನನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವರ ಪತನವು ಆರಂಭವಾಗುವುದು ಆ ಉಪೇಕ್ಷೆಯ ಕ್ಷಣದಲ್ಲಿ. ಹೊರಟೆನೆಂದು ಬಾಗಿಲವರೆಗೆ ಹೋದವನು ಏನೋ ಮರೆತವನಂತೆ ತಿರುಗಿ ನಿಂತು ಇನ್ನೊಂದು ಪ್ರಶ್ನೆಯನ್ನು ಕೇಳಿದಾಗ, ರೂಪದ ಮೇಲೂ ಅಂತಸ್ತಿನ ಮೇಲೂ ಕಟ್ಟಿದ ಅವರ ಧೈರ್ಯವು ಬಿರುಕುಬಿಡುವುದನ್ನು ನಾವು ನೋಡುತ್ತೇವೆ. ಇಲ್ಲಿ ಸುಂದರನಾದ ನಟನೊಬ್ಬನನ್ನು ತಂದು ನಿಲ್ಲಿಸಿದ್ದರೆ ಕೊಲೆಗಾರನು ಮೊದಲ ನೋಟಕ್ಕೇ ಎಚ್ಚರಗೊಳ್ಳುತ್ತಿದ್ದನು, ಕಥೆಯು ನಡೆಯುವುದಕ್ಕೆ ದಾರಿಯೇ ಇರುತ್ತಿರಲಿಲ್ಲ. ಫಾಕನು ಆ ಪಾತ್ರವನ್ನು ಕೊನೆಯ ಬಾರಿ ಧರಿಸಿದ್ದು 2003ರಲ್ಲಿ ಪ್ರಸಾರವಾದ ಕಥೆಯಲ್ಲಿ. ಆಗ ಅವನಿಗೆ ಎಪ್ಪತ್ತೈದು ವರ್ಷ.

ಅಮೆರಿಕದ ಮಾತು ಹಾಗಿರಲಿ. ನಮ್ಮ ದೇಶದ ದೂರದರ್ಶನವು ಬಾಲ್ಯದಲ್ಲಿದ್ದಾಗ ಈ ವಿವೇಕವನ್ನು ತಾನಾಗಿಯೇ ಪಡೆದಿತ್ತು. 1985ರ 'ಕರಮ್‌ಚಂದ್'ನಲ್ಲಿ ಕ್ಯಾರೆಟ್ ಕಡಿಯುತ್ತ ಪತ್ತೇದಾರಿಕೆ ನಡೆಸಿದ ಪಂಕಜ್ ಕಪೂರ್, ಗುಲ್ಜಾರರ 'ಮಿರ್ಜಾ ಗಾಲಿಬ್'ನಲ್ಲಿ ಕವಿಯೇ ಆಗಿಹೋದ ನಾಸಿರುದ್ದೀನ್ ಷಾ, ಹಗಲುಗನಸಿನ ಮುಂಗೇರಿಲಾಲನಾದ ರಘುವೀರ್ ಯಾದವ್, ಇವರಲ್ಲಿ ಯಾರನ್ನೂ ಇಂದಿನ ಆಡಿಷನ್ನಿನ ಬಾಗಿಲಿನಲ್ಲಿ 'ಹೀರೋ ಫೇಸ್' ಎಂದು ಕರೆಯಲಾರರು. 1988ರಲ್ಲಿ 'ವಾಗ್ಲೆ ಕೀ ದುನಿಯಾ' ಬರುತ್ತಿದ್ದಾಗ ನಮ್ಮ ಸೋದರತ್ತೆಯು, ಅಂಜನ್ ಶ್ರೀವಾಸ್ತವರ ಆ ದುಂಡುಮುಖವನ್ನು ನೋಡಿ, "ಇವರು ನಮ್ಮ ಬ್ಯಾಂಕಿನವರ ಹಾಗೇ ಇದ್ದಾರಲ್ಲೋ, ನಾಳೆ ಹೋದಾಗ ಮಾತಾಡಿಸಿಬಿಡ್ತೀನಿ" ಎಂದದ್ದುಂಟು. ಮೈಸೂರಿನ ಆರ್.ಕೆ. ಲಕ್ಷ್ಮಣರ ರೇಖೆಗಳಿಂದ ಎದ್ದುಬಂದ ಆ ಸಾಮಾನ್ಯ ಗೃಹಸ್ಥನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಯು ಯಾವುದಿದ್ದೀತು?

ಇವೆಲ್ಲಕ್ಕಿಂತ ಆಳವಾಗಿ ನನ್ನ ಮನಸ್ಸಿನಲ್ಲಿ ನಿಂತಿರುವುದು 'ತಮಸ್'. ಭೀಷ್ಮ ಸಾಹನಿಯವರ ಕಾದಂಬರಿಯನ್ನು ಗೋವಿಂದ ನಿಹಲಾನಿಯವರು ತೆರೆಗೆ ತಂದು, 1988ರ ಜನವರಿಯಲ್ಲಿ ಅದು ಪ್ರಸಾರವಾದಾಗ, ನಾವು ಬಸವನಗುಡಿಯಲ್ಲಿ ಒಂದು ಬಾಡಿಗೆಯ ಮನೆಯಲ್ಲಿದ್ದೆವು. ಟೆಲಿವಿಷನ್ನು ಇದ್ದದ್ದು ಮನೆಯ ಯಜಮಾನರಲ್ಲಿ. ರಾತ್ರಿ ಊಟ ಮುಗಿಸಿ ನಾಲ್ಕೈದು ಸಂಸಾರಗಳವರು ಅವರ ನಡುಮನೆಯ ಚಾಪೆಯ ಮೇಲೆ ಸೇರುತ್ತಿದ್ದೆವು. ದೇಶವಿಭಜನೆಯ ಕಾಲದ ಕಥೆ. ಚರ್ಮ ಹದಮಾಡುವ ನತ್ಥು ಎಂಬವನಿಗೆ, ಪಶುವೈದ್ಯರಿಗೆ ಬೇಕಾಗಿದೆಯೆಂದು ನಂಬಿಸಿ, ಐದು ರೂಪಾಯಿ ಕೊಟ್ಟು, ಹಂದಿಯೊಂದನ್ನು ಕೊಲ್ಲಲು ಹೇಳುತ್ತಾರೆ. ಮರುದಿನ ಅದರ ಕಳೇಬರವು ಮಸೀದಿಯ ಮೆಟ್ಟಿಲ ಮೇಲೆ ಬಿದ್ದಿರುತ್ತದೆ, ಊರು ಹೊತ್ತಿಕೊಳ್ಳುತ್ತದೆ. ತನ್ನ ಕೈಯಿಂದ ಏನು ನಡೆದುಹೋಯಿತೆಂಬುದು ನತ್ಥುವಿಗೆ ಮೆಲ್ಲಮೆಲ್ಲಗೆ ತಿಳಿಯುತ್ತ ಹೋಗುವುದೇ ಆ ಕಥೆಯ ಪ್ರಾಣ.

ನತ್ಥುವಾದವರು ಓಂ ಪುರಿಯವರು. ಬಾಲ್ಯದ ಸಿಡುಬು ತನ್ನ ಕಲೆಗಳನ್ನು ಬಿಟ್ಟುಹೋದ ಆ ಮುಖವನ್ನು ಕ್ಯಾಮರಾ ಹತ್ತಿರದಿಂದ, ಬಹಳ ಹೊತ್ತು, ಕದಲದೆ ನೋಡುತ್ತದೆ. ಕಿರಿದಾದ ಕೊಟ್ಟಡಿಯೊಳಗೆ, ಮಂದವಾದ ದೀಪದ ಬೆಳಕಿನಲ್ಲಿ, ಹಂದಿಯೊಡನೆ ಹೋರಾಡುವ ಆ ಮೊದಲ ದೃಶ್ಯದಲ್ಲಿ ಮಾತುಗಳು ಇಲ್ಲವೆನ್ನುವಷ್ಟು ವಿರಳ. ಬೆವರು, ಏದುಸಿರು, ಅಸಹ್ಯ, ಬಡತನದ ಅನಿವಾರ್ಯತೆ, ಇವೆಲ್ಲವೂ ಮುಖದಲ್ಲಿಯೇ ನಡೆಯಬೇಕು. ಮುಂದೆ, ಬಸುರಿಯಾದ ಹೆಂಡತಿಯ ಎದುರಿಗೆ ಕುಳಿತು ನಿಜವನ್ನು ಹೇಳಲೂ ಆಗದೆ ನುಂಗಲೂ ಆಗದೆ ತಳಮಳಿಸುವಾಗ, ಆ ಮುಖದ ಪ್ರತಿಯೊಂದು ಕುಳಿಯೂ ನೆರಳನ್ನು ತುಂಬಿಕೊಂಡು ಅವನ ಪರವಾಗಿ ಸಾಕ್ಷಿ ನುಡಿಯುವಂತೆ ತೋರಿತು. ಮನೆಯ ಯಜಮಾನರ ತಾಯಿಯವರಿಗೆ ಹಿಂದಿಯು ಒಂದಕ್ಷರವೂ ಬಾರದು. ಅವರು ಸೆರಗನ್ನು ಬಾಯಿಗೆ ಹಿಡಿದುಕೊಂಡು, "ಪಾಪ, ಅವನು ಬೇಕು ಅಂತ ಮಾಡಿದ್ದಲ್ಲ ಕಣಪ್ಪ, ಮುಖ ನೋಡಿದ್ರೇ ಗೊತ್ತಾಗುತ್ತೆ, ಕರುಳು ಚುರ್ ಅನ್ನುತ್ತೆ" ಎಂದರು. ಅವರು ಮಡಿ ಹುಡಿಯೆಂದು ಬಹಳ ಕಟ್ಟುನಿಟ್ಟಾಗಿದ್ದ ಹಿರಿಯರು. ಚರ್ಮದ ಕೆಲಸದವನೊಬ್ಬನ ಸಂಕಟವು ಅವರ ಕರುಳನ್ನು ತಲುಪಿದ್ದು ನಾನು ಕಣ್ಣಾರೆ ಕಂಡ ಸಂಗತಿ. ನುಣುಪಾದ ಕೆನ್ನೆಯ, ತಿದ್ದಿದ ಹುಬ್ಬಿನ ಯುವಕನೊಬ್ಬನು ಆ ಪಾತ್ರದಲ್ಲಿದ್ದಿದ್ದರೆ ಅವರು ಅಯ್ಯೋ ಎನ್ನುತ್ತಿದ್ದರೇನೋ, ಆದರೆ ನಂಬುತ್ತಿರಲಿಲ್ಲ.

ಈ ವಿಚಾರವನ್ನು ನಾನು ಮನೆಯಲ್ಲಿ ಎತ್ತಿದಾಗ ನನ್ನನ್ನು ಎದುರಿಸಿ ನಿಂತವಳು ತಮ್ಮನ ಮಗಳು. ಆಕೆಯು ಉದ್ಯೋಗಸ್ಥೆ, ಬೆಳಗ್ಗೆ ಎಂಟಕ್ಕೆ ಹೊರಟು, ರಾತ್ರಿ ಬಸ್ಸಿನ ನೂಕುನುಗ್ಗಲಿನಲ್ಲಿ ಮನೆಗೆ ಬರುವವಳು. "ದಿನವೆಲ್ಲ ಸುಕ್ಕುಮುಖಗಳನ್ನೇ ನೋಡಿ ಬಂದಿರ್ತೀನಿ ದೊಡ್ಡಪ್ಪ, ಅರ್ಧ ಗಂಟೆ ಚಂದದ ಮುಖ ಒಂದನ್ನ ನೋಡೋ ಹಕ್ಕೂ ನನಗಿಲ್ವಾ? ಹೀರೋಯಿನ್ ಮಾತ್ರ ಚೆನ್ನಾಗಿರಬೇಕು, ಹೀರೋ ಹೇಗಿದ್ದರೂ ನಡೆಯುತ್ತೆ ಅಂದರೆ ಅದು ಯಾವ ನ್ಯಾಯ?" ಎಂದಳು. ಈ ಎರಡು ಪ್ರಶ್ನೆಗಳನ್ನೂ ನಾನು ಗೌರವದಿಂದಲೇ ಸ್ವೀಕರಿಸುತ್ತೇನೆ. ಸೌಂದರ್ಯದ ದರ್ಶನದಿಂದ ಮನಸ್ಸಿಗೆ ವಿಶ್ರಾಂತಿಯುಂಟೆಂಬುದು ಸತ್ಯ. ಅದನ್ನು ಬೇಡುವವರನ್ನು ಹೀಗಳೆಯುವುದು ಒರಟುತನ. ಎರಡನೆಯದಂತೂ ಇನ್ನೂ ಗುರುತರವಾದದ್ದು. ಕಿರುತೆರೆಯು ನಾಯಕಿಯ ವಿಷಯದಲ್ಲಿ ಎಂದೂ ಔದಾರ್ಯವನ್ನು ತೋರಿಲ್ಲ. ಗಂಡಸಿನ ಬಕ್ಕತಲೆಗೆ ಅನುಭವದ ಗೌರವವನ್ನು ಕೊಟ್ಟ ಕಾಲದಲ್ಲಿಯೂ ಹೆಣ್ಣಿನ ಒಂದು ನರೆಗೂದಲಿಗೆ ಕ್ಷಮೆಯಿರಲಿಲ್ಲ. ನಾಯಕನಿಗಾಗಿ ನಾನು ಕೇಳುವ ಸ್ವಾತಂತ್ರ್ಯವನ್ನು ನಾಯಕಿಗೂ ಕೇಳುತ್ತೇನೆ. ಈಗ ಆಗಿರುವುದಾದರೋ ಬೇರೆ: ಹೆಣ್ಣಿಗಿದ್ದ ಸಂಕೋಲೆಯನ್ನು ಬಿಚ್ಚುವುದರ ಬದಲು ಅದನ್ನೇ ಗಂಡಿಗೂ ತೊಡಿಸಿ, ಸಮಾನತೆಯನ್ನು ಸಾಧಿಸಿದೆವೆಂದು ತಿಳಿದಿದ್ದಾರೆ.

ಸುರೂಪವು ಪಾತ್ರದ ಸ್ವಭಾವಕ್ಕೆ ಸೇರಿದ್ದಾದಾಗ ಅದು ಬೇಕೇ ಬೇಕು. 1987ರಲ್ಲಿ ರಮಾನಂದ ಸಾಗರರ ರಾಮಾಯಣವು ಆರಂಭವಾಗಿ, ಭಾನುವಾರದ ಬೆಳಗ್ಗೆ ನಮ್ಮ ಬೀದಿಗಳು ನಿರ್ಜನವಾಗುತ್ತಿದ್ದ ಆ ದಿನಗಳಲ್ಲಿ, ಅರುಣ್ ಗೋವಿಲರ ಪ್ರಸನ್ನಮುಖವನ್ನು ಕಂಡು ಜನರು ಟೆಲಿವಿಷನ್ನಿಗೆ ಹೂವೇರಿಸಿ ಊದಿನಕಡ್ಡಿ ಹಚ್ಚಿದ್ದು ಸುಳ್ಳಲ್ಲ. ಮುಂದಿನ ವರ್ಷದ ಮಹಾಭಾರತದ ಕೃಷ್ಣನೂ ಮೋಹಕನಾಗಿಯೇ ಇರಬೇಕಾಗಿತ್ತು, ಇದ್ದನು. ಆದರೆ ರಾಮನೂ ಕೃಷ್ಣನೂ ನಮ್ಮ ಕವಿಗಳಿಗೆ ನೀಲಮೇಘಶ್ಯಾಮರು. ಈ ದೇಶವು ಕಲ್ಪಿಸಿದ ಅತ್ಯಂತ ಸುಂದರರಾದ ಇಬ್ಬರು ಪುರುಷರು ಕಪ್ಪುಬಣ್ಣದವರು. ಇಂದು ಬಳ್ಳಾರಿಯ, ರಾಯಚೂರಿನ, ಚಾಮರಾಜನಗರದ ಬಿಸಿಲಿನಲ್ಲಿ ಬೆಳೆದ ಯುವಕನು ತನ್ನ ಮೈಬಣ್ಣದ ನಾಯಕನನ್ನು ಕನ್ನಡದ ಧಾರಾವಾಹಿಯಲ್ಲಿ ಹುಡುಕಿದರೆ ಕಾಣುವುದು ಅಪರೂಪ. ಇದನ್ನು ಅಭಿರುಚಿಯೆಂದು ಕರೆದು ಸುಮ್ಮನಾಗಲು ನನ್ನಿಂದಾಗದು.

ನಾಯಕನ ಲಕ್ಷಣವನ್ನು ಬಹಳ ಹಿಂದೆಯೇ ವಿಚಾರಮಾಡಿದವರು ನಮ್ಮ ಲಾಕ್ಷಣಿಕರು. ಮಾಳವದ ಮುಂಜರಾಜನ ಆಸ್ಥಾನದಲ್ಲಿದ್ದ ಧನಂಜಯನು ದಶರೂಪಕದಲ್ಲಿ ನಾಯಕನಿಗಿರಬೇಕಾದ ಗುಣಗಳನ್ನು ಎಣಿಸುವಾಗ ವಿನಯ, ತ್ಯಾಗ, ದಕ್ಷತೆ, ಪ್ರಿಯವಾದ ಮಾತು, ಶುಚಿತ್ವ, ವಾಗ್ಮಿತೆ, ಸ್ಥೈರ್ಯ, ಶೌರ್ಯ, ಪ್ರಜ್ಞೆ, ಉತ್ಸಾಹ ಎಂದು ಇಪ್ಪತ್ತಕ್ಕೂ ಮೀರಿ ಹೇಳುತ್ತಾನೆ. ನೋಡಲು ಹಿತವಾಗಿರುವುದೂ ತಾರುಣ್ಯವೂ ಆ ಪಟ್ಟಿಯಲ್ಲಿ ಇವೆ. ಆದರೆ ಅವು ಹಲವು ಗುಣಗಳ ನಡುವೆ ಒಂದೊಂದು ಸ್ಥಾನವನ್ನು ಮಾತ್ರ ಪಡೆದಿವೆ. ಕಾರ್ಕೋಟಕನು ಕಚ್ಚಿ ರೂಪಗೆಟ್ಟು ಬಾಹುಕನಾದ ನಳನ ಕಥೆಯನ್ನು ಕನಕದಾಸರಿಂದ ಮೊದಲುಗೊಂಡು ಯಕ್ಷಗಾನದ ಬಯಲಾಟದವರೆಗೆ ಕನ್ನಡಿಗರು ತಲೆಮಾರುಗಳಿಂದ ಸವಿದಿದ್ದಾರೆ. ದಮಯಂತಿಯು ಆ ಕುರೂಪದ ಒಳಗಿನ ತನ್ನವನನ್ನು ಪತ್ತೆಹಚ್ಚಿದ್ದು ಅವನ ಅಡುಗೆಯ ರುಚಿಯಿಂದ, ಕುದುರೆಗಳನ್ನು ನಡೆಸಿದ ಚಾತುರ್ಯದಿಂದ. ನಳನು ಸುಂದರನಾಗಿದ್ದ ಭಾಗಕ್ಕಿಂತ ಬಾಹುಕನಾಗಿದ್ದ ಭಾಗವೇ ಆ ಕಥೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುತ್ತದೆ.

ಕನ್ನಡ ಕಿರುತೆರೆಗೂ ಇಂಥ ಒಂದು ಕಾಲವಿತ್ತು. 1998ರಲ್ಲಿ ಚಂದನ ವಾಹಿನಿಯಲ್ಲಿ ಬಂದ 'ಮಾಯಾಮೃಗ'ದ ಸಂಜೆಗಳನ್ನು ಇಂದಿಗೂ ನೆನೆಯುವವರು ಅನೇಕರಿದ್ದಾರೆ. ಅಲ್ಲಿಯ ಗಂಡಸರು ಸಾಲ, ನೌಕರಿ, ಮಗಳ ಮದುವೆ ಎಂಬ ಚಿಂತೆಗಳನ್ನು ಹೊತ್ತ ನಮ್ಮ ಬೀದಿಯ ಗಂಡಸರೇ ಆಗಿದ್ದರು. ಆ ಬಳಿಕ ಟಿ.ಎನ್. ಸೀತಾರಾಮ್ ಅವರು ತಮ್ಮ 'ಮುಕ್ತ' ಮೊದಲಾದ ಧಾರಾವಾಹಿಗಳಲ್ಲಿ ತಾವೇ ಸಿ.ಎಸ್.ಪಿ. ಎಂಬ ವಕೀಲರಾಗಿ ನ್ಯಾಯಾಲಯದಲ್ಲಿ ನಿಂತಾಗ, ನಡುವಯಸ್ಸನ್ನು ದಾಟಿದ, ಕನ್ನಡಕ ಧರಿಸಿದ, ಧ್ವನಿಯನ್ನು ಎಂದೂ ಅನಾವಶ್ಯಕವಾಗಿ ಏರಿಸದ ಆ ಮನುಷ್ಯನು ಪಾಟೀಸವಾಲಿಗೆ ಎದ್ದನೆಂದರೆ ಮನೆಯಲ್ಲಿ ತಟ್ಟೆಯ ಸದ್ದು ನಿಲ್ಲುತ್ತಿತ್ತು. ಆ ನಿರೀಕ್ಷೆಯನ್ನು ಹುಟ್ಟಿಸಿದ್ದು ಯಾವ ತೋಳಿನ ಹುರಿಯೂ ಅಲ್ಲ. ಮುಂದಿನ ಪ್ರಶ್ನೆ ಏನಿರಬಹುದೆಂಬ ಕುತೂಹಲ, ಮತ್ತು ಈತನು ಅನ್ಯಾಯಕ್ಕೆ ಬಿಟ್ಟುಕೊಡುವವನಲ್ಲ ಎಂಬ ಭರವಸೆ.

ಹಾಗಾದರೆ ಇದು ಹೇಗೆ ಕೈತಪ್ಪಿತು? ವಾಹಿನಿಗಳ ಲೋಭವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರಿದ್ದಾರೆ. ನನ್ನ ತಿಳಿವಳಿಕೆಯಲ್ಲಿ ಕಾರಣವು ಇನ್ನೂ ಒಳಗಿದೆ. ವಾರಕ್ಕೊಂದು ಕಂತು ಬರುತ್ತಿದ್ದ ಕಾಲದಲ್ಲಿ ನಟನಿಗೆ ಪಾತ್ರವನ್ನು ಯೋಚಿಸಲು ಸಮಯವಿತ್ತು, ಲೇಖಕನಿಗೆ ಮಾತನ್ನು ತಿದ್ದಲು ಸಮಯವಿತ್ತು. ಈಗ ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತುಗಳನ್ನು ಕಳೆದು ಉಳಿಯುವ ಇಪ್ಪತ್ತೆರಡು ನಿಮಿಷಗಳಷ್ಟು ಕಥೆಯನ್ನು ದಿನಕ್ಕೊಂದರಂತೆ ಒದಗಿಸಬೇಕು. ಎಷ್ಟೋ ವೇಳೆ ಸಂಭಾಷಣೆಯು ಚಿತ್ರೀಕರಣದ ಸ್ಥಳಕ್ಕೆ ಅಂದೇ ಬಂದು ಮುಟ್ಟುತ್ತದೆ. ಅಭಿನಯವು ಪಕ್ವವಾಗಲು ಅವಕಾಶವೇ ಇಲ್ಲದ ಕಡೆ, ಅಭಿನಯವು ಮಾಡಬೇಕಾಗಿದ್ದ ಕೆಲಸವನ್ನು ಮುಖವೇ ಮಾಡಬೇಕಾಗುತ್ತದೆ. ಒಬ್ಬರ ಮಾತಿಗೆ ಇನ್ನೊಬ್ಬರ ಮುಖವನ್ನು ಮೂರು ಬಾರಿ ಸಿಡಿಲಿನ ಸದ್ದಿನೊಡನೆ ತೋರಿಸುವ ಪದ್ಧತಿಯು ಹುಟ್ಟಿದ್ದು ಈ ಅವಸರದಿಂದಲೇ. ವಾರವಾರವೂ ಬರುವ ಟಿಆರ್‌ಪಿಯ ಅಂಕಿಗಳು ಭಯವನ್ನು ಹುಟ್ಟಿಸುತ್ತವೆ. ಭಯಪಟ್ಟವನು ಒಮ್ಮೆ ಗೆದ್ದ ಅಚ್ಚನ್ನು ಬಿಡಲಾರನು. ಆದುದರಿಂದ ಇಂದಿನ ಸುಂದರ ನಾಯಕರ ಮೇಲೆ ನನಗೆ ಕೋಪವಿಲ್ಲ. ಅವರಲ್ಲಿ ನಿಜವಾದ ನಟರೂ ಇದ್ದಾರೆ. ಅವರ ಶಕ್ತಿಯನ್ನು ಕೂಡ ಈ ಪದ್ಧತಿಯು ಗಡ್ಡದ ಅಳತೆಯಲ್ಲಿಯೇ ಮುಗಿಸಿಬಿಡುತ್ತಿದೆ.

ಪ್ರೇಕ್ಷಕರು ಒಪ್ಪುವುದಿಲ್ಲ ಎಂಬ ನೆಪಕ್ಕೆ ಈಗ ಆಧಾರವಿಲ್ಲ. ಅದೇ ಪ್ರೇಕ್ಷಕರು, ಅದೇ ಟೆಲಿವಿಷನ್ನಿನಲ್ಲಿ, ಇಂಟರ್ನೆಟ್ಟಿನ ಮೂಲಕ ಬರುವ ಮಾಲಿಕೆಗಳಲ್ಲಿ ಬೇರೆಯ ಮುಖಗಳನ್ನು ಪ್ರೀತಿಯಿಂದ ನೋಡುತ್ತಿದ್ದಾರೆ. 2020ರ 'ಪಾತಾಳ್ ಲೋಕ್'ನ ಹಾಥೀರಾಮ್ ಚೌಧರಿಯಾದ ಜೈದೀಪ್ ಅಹ್ಲಾವತರ ಆ ಒರಟು, ದಣಿದ ಮುಖವನ್ನು ನೋಡಿದವರು ಮರೆಯಲಾರರು. ಅದೇ ವರ್ಷದ 'ಸ್ಕ್ಯಾಮ್ 1992'ರ ಪ್ರತೀಕ್ ಗಾಂಧಿಯವರು ಗುಜರಾತಿ ರಂಗಭೂಮಿಯಲ್ಲಿ ಪಳಗಿದವರು. ಅತ್ತ ಅಮೆರಿಕದಲ್ಲಿ, 1999ರಲ್ಲಿ ಆರಂಭವಾದ 'ದಿ ಸೊಪ್ರಾನೋಸ್'ನಲ್ಲಿ, ಮನೆಯಂಗಿಯನ್ನು ತೊಟ್ಟು ಪತ್ರಿಕೆಯನ್ನು ತರಲೆಂದು ಭಾರವಾದ ಹೆಜ್ಜೆಯಿಟ್ಟು ಅಂಗಳಕ್ಕೆ ಇಳಿದುಬಂದ ಜೇಮ್ಸ್ ಗ್ಯಾಂಡಲ್ಫಿನಿಯು, ತೆಳ್ಳಗಾದ ಕೂದಲಿನ ಆ ಸ್ಥೂಲದೇಹದಿಂದಲೇ, ಆ ದೇಶದ ಕಿರುತೆರೆಯ ಕಥನಕ್ಕೆ ಹೊಸ ದಾರಿಯನ್ನು ತೆರೆದನು.

ನಮ್ಮಲ್ಲಿ ನಟರ ಅಭಾವವೂ ಇಲ್ಲ. ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರವು 1980ರಿಂದ ನಟರನ್ನು ತಯಾರುಮಾಡುತ್ತಿದೆ, ಬಿ.ವಿ. ಕಾರಂತರು ಕಟ್ಟಿದ ಮೈಸೂರಿನ ರಂಗಾಯಣವು ಮೂರು ದಶಕಗಳನ್ನು ದಾಟಿದೆ. ಉತ್ತರ ಕರ್ನಾಟಕದ ವೃತ್ತಿನಾಟಕ ಕಂಪನಿಗಳಲ್ಲಿ ಮೈಕಿನ ಹಂಗಿಲ್ಲದೆ ಕೊನೆಯ ಸಾಲನ್ನು ಮುಟ್ಟುವ ಕಂಠಗಳು ಇನ್ನೂ ಇವೆ. ಇವರಲ್ಲಿ ಎಷ್ಟೋ ಜನರು ಈಗಾಗಲೇ ನಮ್ಮ ಧಾರಾವಾಹಿಗಳಲ್ಲಿ ದುಡಿಯುತ್ತಿದ್ದಾರೆ, ನಾಯಕನ ತಂದೆಯಾಗಿ, ಮಾವನಾಗಿ, ಮನೆಯ ಹಳೆಯ ಆಳಾಗಿ. ದೃಶ್ಯದಲ್ಲಿ ನಿಜವಾಗಿ ಏನಾದರೂ ನಡೆಯಿತೆನ್ನಿಸುವುದು ಅನೇಕ ವೇಳೆ ಅವರು ಬಾಯಿ ತೆರೆದಾಗ.

ಆದುದರಿಂದ ಧಾರಾವಾಹಿಗಳನ್ನು ನಿರ್ಮಿಸುವವರಲ್ಲಿಯೂ ವಾಹಿನಿಗಳಲ್ಲಿ ನಾಯಕರನ್ನು ಆರಿಸುವವರಲ್ಲಿಯೂ ನನ್ನದೊಂದು ಪ್ರಾರ್ಥನೆ. ಮುಂದಿನ ಕಥೆಗೆ ಆಡಿಷನ್ ನಡೆಸುವ ದಿನ, ಪೋಷಕ ಪಾತ್ರಕ್ಕೆಂದು ಕರೆಸಿ ಹೊರಗೆ ಬೆಂಚಿನ ಮೇಲೆ ಕುಳ್ಳಿರಿಸಿದ ನಲವತ್ತೈದರ ಆ ಕಪ್ಪು ಮನುಷ್ಯನನ್ನು ಒಳಗೆ ಕರೆಯಿರಿ. ನಾಯಕನ ಮಾತುಗಳಿರುವ ಹಾಳೆಯನ್ನು ಅವನ ಕೈಗೆ ಕೊಡಿರಿ. ಓದಿಕೊಳ್ಳಲು ಒಂದು ಗಂಟೆ ಸಮಯ ಕೊಡಿರಿ. ಆಮೇಲೆ ಕ್ಯಾಮರಾ ನಡೆಸಿ, ತೀರ್ಮಾನಕ್ಕೆ ಬರುವ ಮೊದಲು ಅವನನ್ನು ಪೂರ್ತಿಯಾಗಿ ಒಮ್ಮೆ ನೋಡಿರಿ.